ಹಿರಿಯರ ಪರವಾಗಿ ಮಾತಾಡುವವರು ಯಾರು?

ಹಿರಿಯ ನಾಗರಿಕರಿಗಾಗಿ ಸರ್ಕಾರ ಏನೂ ಮಾಡಿಲ್ಲ ಎಂದು ದೂರುವುದು ಸುಲಭ. ಆದರೆ ಅದು ಪೂರ್ತಿ ನಿಜವಲ್ಲ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆ ಇದೆ. 2021ರಲ್ಲಿ ಅದರ ಮೊತ್ತ ತಿಂಗಳಿಗೆ 1200 ರೂಪಾಯಿಗೆ ಏರಿತು. ಮಕ್ಕಳಿಂದ ಜೀವನಾಂಶ ಕೇಳಲು 2007ರ ಕಾಯ್ದೆ ಇದೆ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ ಇದೆ. ದೇಶಕ್ಕೆಲ್ಲ 14567 ಎಂಬ ಸಹಾಯವಾಣಿ ಇದೆ. ಇಷ್ಟೆಲ್ಲ ಇದ್ದೂ ನಾಡಕಚೇರಿಯ ಜಗಲಿಯಲ್ಲಿ ಅಜ್ಜಿಯೊಬ್ಬರು ಪ್ಲಾಸ್ಟಿಕ್ ಚೀಲ ಹಿಡಿದು ಕೂತಿರುತ್ತಾರೆ. ಪಿಂಚಣಿ ನಿಂತಿದೆ, ಯಾಕೆ ಎಂದು ಯಾರೂ ಹೇಳುತ್ತಿಲ್ಲ. ಆಧಾರ್‌ನಲ್ಲಿ ವಯಸ್ಸು ತಪ್ಪಿದೆಯೋ, ಬ್ಯಾಂಕ್ ಖಾತೆಗೆ ಜೋಡಣೆ ಆಗಿಲ್ಲವೋ, ಗದ್ದೆ ಕೆಲಸಕ್ಕೆ ಸವೆದ ಬೆರಳನ್ನು ಯಂತ್ರ ಒಪ್ಪುತ್ತಿಲ್ಲವೋ? ಯೋಜನೆಗೂ ಅವರಿಗೂ ನಡುವೆ ನಿಲ್ಲುವ ಮನುಷ್ಯರಿಲ್ಲ. ಇದ್ದರೆ ದಲ್ಲಾಳಿ ಮಾತ್ರ.

ಆ ಜಾಗದಲ್ಲಿ ನಿಲ್ಲಬೇಕಾದವರು ತರಬೇತಿ ಪಡೆದ ಸ್ವಯಂಸೇವಕರು ಎಂಬುದು ನನ್ನ ವಾದ. ಅಕ್ಟೋಬರ್ 1ರ ಹಿರಿಯರ ದಿನದಂದು ಶಾಲು ಹೊದಿಸಿ ಹಣ್ಣು ಹಂಚಿ ಫೋಟೊ ತೆಗೆಸಿಕೊಳ್ಳುವವರ ಮಾತಲ್ಲ ಇದು. ಹಿರಿಯರ ಜೊತೆ ಕಚೇರಿಗೆ ಹೋಗಿ, ಅರ್ಜಿಗೆ ಸ್ವೀಕೃತಿ ಪಡೆದು, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳುವವರು ಬೇಕು.

2007ರ ಕಾಯ್ದೆಯೇ ಇಂಥವರಿಗೆ ಜಾಗ ಮಾಡಿಕೊಟ್ಟಿದೆ. ಹಿರಿಯರು ಸ್ವತಃ ಅರ್ಜಿ ಹಾಕಲಾಗದಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿಯೋ ಸಂಸ್ಥೆಯೋ ಹಾಕಬಹುದು ಎನ್ನುತ್ತದೆ 5ನೇ ಕಲಂ. ವಕೀಲರು ಬಂದರೆ ಖರ್ಚೂ ವಿಳಂಬವೂ ಹೆಚ್ಚುತ್ತವೆಂದು 17ನೇ ಕಲಂ ಅವರನ್ನು ಹೊರಗಿಟ್ಟಿತು. ಈ ನಿರ್ಬಂಧವನ್ನು ಕೆಲವು ಹೈಕೋರ್ಟುಗಳು ಒಪ್ಪಿಲ್ಲ, ಅದು ಬೇರೆ ಮಾತು. ಹಿರಿಯರು ಬಯಸಿದರೆ ನಿರ್ವಹಣಾ ಅಧಿಕಾರಿಯೊಬ್ಬರು ಅವರನ್ನು ಪ್ರತಿನಿಧಿಸಬೇಕೆಂದೂ ಕಾಯ್ದೆಯಲ್ಲಿದೆ. ಇಡೀ ಇಲಾಖೆಯ ಕೆಲಸ ಹೊತ್ತ ಅಧಿಕಾರಿಗೆ ಎಷ್ಟು ಮಂದಿಯ ಪಕ್ಕ ನಿಲ್ಲಲು ಬಿಡುವಿರುತ್ತದೆ? ನೋಟಿಸು ತಲುಪಿದ 90 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗಬೇಕು. ಆ ದಿನಗಳನ್ನು ಎಣಿಸಿ ನೆನಪಿಸುವವರು ಇಲ್ಲದಿದ್ದರೆ ಗಡುವು ಕಾಗದದಲ್ಲೇ ಉಳಿಯುತ್ತದೆ.

ಸ್ವಯಂಸೇವಕರು ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಜಗಳ ಶುರುವಾಗುವ ಮೊದಲು. ಮಗನ ಹೆಸರಿಗೆ ಮನೆಯನ್ನು ದಾನಪತ್ರ ಮಾಡಿಕೊಡುವ ಅಪ್ಪನ ಸಂಗತಿ ತೆಗೆದುಕೊಳ್ಳಿ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಮಗ ನೋಡಿಕೊಳ್ಳದಿದ್ದರೆ, 23ನೇ ಕಲಂ ಪ್ರಕಾರ ವಾಪಸು ಪಡೆಯಬಹುದು. ಆದರೆ ಅಂಥ ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ಇನ್ನೊಂದು ಪ್ರಕರಣದಲ್ಲಿ, ಕಾಯ್ದೆ ಇರುವುದೇ ಹಿರಿಯರ ರಕ್ಷಣೆಗೆ, ಅದನ್ನು ಉದಾರವಾಗಿ ಓದಬೇಕು ಎಂದು ತಾಯಿಯ ಪರ ನಿಂತಿತು. ಆ ತಾಯಿಯ ಬಳಿ ಆರೈಕೆಯ ಮಾತು ಬರಹದಲ್ಲಿತ್ತು ಎಂಬುದನ್ನು ಮರೆಯಬಾರದು. ಉಪನೋಂದಣಿ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ "ಯಜಮಾನ್ರೇ, ಆ ಒಂದು ಸಾಲು ಪತ್ರದಲ್ಲಿ ಬರೆಸಿ" ಎನ್ನಲು ಒಬ್ಬರಿದ್ದರೆ ಮುಂದಿನ ಎಷ್ಟೋ ವರ್ಷಗಳ ಅಲೆದಾಟ ತಪ್ಪುತ್ತದೆ. ಮಗನ ಮೇಲೆ ಅನುಮಾನವೇ ಎಂದು ಮನೆಯಲ್ಲಿ ಮುಖ ಊದಿಸಿಕೊಳ್ಳುವವರು ಇದ್ದೇ ಇರುತ್ತಾರೆ. ಊದಿಸಿಕೊಳ್ಳಲಿ.

ಇನ್ನು ಅಪಾಯದ ಮಾತು. ಇಂದಿನ ಸ್ವಯಂಸೇವಕ ನಾಳೆಯ ದಲ್ಲಾಳಿಯಾಗುವುದು ಕಷ್ಟವೇನಲ್ಲ. ಹಾಗಾಗಿ ಮೊದಲ ತರಬೇತಿ ಮಾಡಬಾರದ ಕೆಲಸಗಳದ್ದೇ ಆಗಿರಬೇಕು: ಒಂದು ರೂಪಾಯಿ ಮುಟ್ಟುವಂತಿಲ್ಲ, ಒಟಿಪಿ ಕೇಳುವಂತಿಲ್ಲ, ಮೂಲ ದಾಖಲೆಯನ್ನು ಒಂದು ರಾತ್ರಿಯೂ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಒಬ್ಬರೇ ಹೋಗದೆ ಇಬ್ಬರು ಹೋಗುವುದು ಲೇಸು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಒಳ್ಳೆಯವರಿಂದಲೇ ಬರುತ್ತದೆ. "ಅಮ್ಮಾ, ನಿಮಗೆ ಗೊತ್ತಾಗಲ್ಲ, ಕೇಸು ಹಾಕೋಣ" ಎನ್ನುವವರು ಮಗನಂತೆಯೇ ಆಕೆಯ ಬಾಯಿ ಮುಚ್ಚಿಸಿದಂತಾಯಿತು. ಆಕೆಗೆ ಜೀವನಾಂಶ ಬೇಡ, ಸೊಸೆ ಅಡುಗೆಮನೆಗೆ ಬಿಟ್ಟುಕೊಂಡರೆ ಸಾಕು ಎನಿಸಿರಬಹುದು. ಹಾಗಿದ್ದರೆ ಕೇಳಬೇಕಾದದ್ದು ಅದನ್ನೇ. ಆಕೆ ಹೇಳಿದ್ದನ್ನು ಗುಟ್ಟಾಗಿಡುವುದೂ ಅಷ್ಟೇ ಮುಖ್ಯ. ಅಮೆರಿಕದಲ್ಲಿ ಆರೈಕೆ ಕೇಂದ್ರಗಳ ವೃದ್ಧರ ದೂರು ಕೇಳಲು 1972ರಲ್ಲಿ ಪ್ರಯೋಗವಾಗಿ ಶುರುವಾದ ಓಂಬುಡ್ಸ್‌ಮನ್ ವ್ಯವಸ್ಥೆ 1978ರಲ್ಲಿ ಎಲ್ಲ ರಾಜ್ಯಗಳಿಗೂ ಕಡ್ಡಾಯವಾಯಿತು. ಅಲ್ಲಿ ಸ್ವಯಂಸೇವಕರೂ ದುಡಿಯುತ್ತಾರೆ. ದೂರಿದವರ ಒಪ್ಪಿಗೆಯಿಲ್ಲದೆ ಅವರ ಗುರುತು ಬಿಟ್ಟುಕೊಡುವಂತಿಲ್ಲ. ಈ ನಿಯಮವನ್ನು ನಾವು ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಸುದ್ದಿ ಸಂಜೆಯೊಳಗೆ ಸೊಸೆಯ ಕಿವಿ ತಲುಪುವ ನಮ್ಮ ಹಳ್ಳಿಗಳಿಗೆ ಇದು ಇನ್ನೂ ಹೆಚ್ಚು ಬೇಕು.

ಯಾರನ್ನು ಸೇರಿಸಿಕೊಳ್ಳುವುದು? ನಿವೃತ್ತ ನೌಕರರ ಹೆಸರು ಮೊದಲು ಬರುತ್ತದೆ. ಅವರಿಗೆ ಕಡತದ ದಾರಿ ಗೊತ್ತು. ಮೇಜಿನ ಆಚೆ ಬದಿ ಕೂತು ಅಭ್ಯಾಸವಾದವರು ಈಚೆ ಬದಿಯಲ್ಲೂ ಸಾಹೇಬರಾಗಿಯೇ ಮಾತಾಡುವ ಸಾಧ್ಯತೆಯೂ ಉಂಟು. ಸ್ತ್ರೀಶಕ್ತಿ ಸಂಘಗಳ ಹೆಂಗಸರನ್ನೂ ಕಾನೂನು ವಿದ್ಯಾರ್ಥಿಗಳನ್ನೂ ಬೆರೆಸಿದರೆ ಹದ ಬರುತ್ತದೆ.

ಸರ್ಕಾರ ಮಾಡಬೇಕಾದ ಕೆಲಸವನ್ನು ನಾವೇಕೆ ಬಿಟ್ಟಿಯಾಗಿ ಮಾಡಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆಯಲ್ಲಿ ಹುರುಳಿದೆ. ಒಬ್ಬೊಬ್ಬರ ಪಿಂಚಣಿ ಬಿಡಿಸಿಕೊಟ್ಟು ಸುಮ್ಮನಾದರೆ ಕೆಟ್ಟ ವ್ಯವಸ್ಥೆಗೆ ಊರುಗೋಲು ಕೊಟ್ಟಂತೆಯೇ ಸರಿ. ಅದಕ್ಕೇ ಒಂದು ದಾಖಲೆ ಪುಸ್ತಕ ಬೇಕು: ಯಾವ ಹೋಬಳಿಯಲ್ಲಿ, ಯಾವ ಕಾರಣಕ್ಕೆ, ಎಷ್ಟು ಮಂದಿಯ ಹಣ ನಿಂತಿತು, ಎಷ್ಟು ದಿನಕ್ಕೆ ಬಂತು. ವರ್ಷದ ಕೊನೆಗೆ ಆ ಲೆಕ್ಕವನ್ನು ತಹಶೀಲ್ದಾರರ ಮುಂದೆ, ಶಾಸಕರ ಮುಂದೆ, ಪತ್ರಿಕೆಗಳ ಮುಂದೆ ಇಡಬೇಕು. ಹಿರಿಯರ ಹೆಸರಿನಲ್ಲಿ ಅಂಥ ಲೆಕ್ಕ ಹಿಡಿದು ಕೇಳುವವರು ಸಾಲದಾದ್ದರಿಂದಲೇ ಇಂದಿರಾ ಗಾಂಧಿ ವೃದ್ಧಾಪ್ಯ ವೇತನದಲ್ಲಿ 80ರೊಳಗಿನವರಿಗೆ ಕೇಂದ್ರ ಕೊಡುವ ಪಾಲು 2007ರಲ್ಲಿ ತಿಂಗಳಿಗೆ 200 ರೂಪಾಯಿ ಇದ್ದದ್ದು ಇಂದಿಗೂ 200 ರೂಪಾಯಿಯೇ.