‘ಟಸ್ಕ್’ ಎಂಬ ಹಟ
‘ರೂಮರ್ಸ್’ ಆಲ್ಬಂ ಕೋಟಿಗಟ್ಟಲೆ ಮಾರಾಟವಾದ ಮೇಲೆ ಫ್ಲೀಟ್‌ವುಡ್ ಮ್ಯಾಕ್ ರಾಕ್ ತಂಡದಿಂದ ಎಲ್ಲರೂ ಬಯಸಿದ್ದು ಅಂಥದ್ದೇ ಇನ್ನೊಂದನ್ನು. ತಂಡದ ಗಿಟಾರ್ ವಾದಕ ಲಿಂಡ್ಸೆ ಬಕಿಂಗ್‌ಹ್ಯಾಮ್ ಒಪ್ಪಲಿಲ್ಲ. ಮನೆಯ ಬಚ್ಚಲಿನ ನೆಲದ ಮೇಲೆ ಮೈಕ್ ಇಟ್ಟು, ಅದರ ಮೇಲೆ ಬಾಗಿ ಹಾಡಿದರು. ಟಿಶ್ಯೂ ಪೆಟ್ಟಿಗೆಯನ್ನೇ ಡ್ರಮ್ ಮಾಡಿಕೊಂಡರು. ಶೀರ್ಷಿಕೆ ಗೀತೆಗಾಗಿ ಲಾಸ್ ಏಂಜಲೀಸ್‌ನ ಖಾಲಿ ಡಾಡ್ಜರ್ ಸ್ಟೇಡಿಯಂನಲ್ಲಿ ವಿಶ್ವವಿದ್ಯಾಲಯವೊಂದರ ಬ್ಯಾಂಡ್ ಮೊಳಗಿತು. 1979ರಲ್ಲಿ 20 ಹಾಡುಗಳ ಜೋಡಿ ಎಲ್‌ಪಿಯಾಗಿ ಬಂದ ‘ಟಸ್ಕ್’ ಲಕ್ಷಗಟ್ಟಲೆ ಬಿಕರಿಯಾದರೂ ರೆಕಾರ್ಡ್ ಕಂಪನಿಯ ಲೆಕ್ಕದಲ್ಲಿ ಸೋಲು. ವಿಮರ್ಶಕರಲ್ಲೂ ಒಮ್ಮತವಿರಲಿಲ್ಲ: ಕೆಲವರು ಧೈರ್ಯವನ್ನು ಮೆಚ್ಚಿದರು, ಕೆಲವರಿಗೆ ಬಕಿಂಗ್‌ಹ್ಯಾಮ್‌ರ ಒರಟು ತುಣುಕುಗಳು ಅರೆಬೆಂದಂತೆ ಕಂಡವು. ಹಿಂದಿನ ಆಲ್ಬಂ ಕಿವಿಯಲ್ಲಿ ಗುನುಗುತ್ತಿರುವಾಗಲೇ ಇದನ್ನು ತೂಗಿದ್ದು ಅನ್ಯಾಯ. ಈಗ ತಂಡದ ಶ್ರೇಷ್ಠ ಆಲ್ಬಂಗಳ ಸಾಲಿನಲ್ಲಿ ಅದರ ಹೆಸರೂ ಇದೆ. ಆ ಒರಟಿನ ಪಕ್ಕದಲ್ಲೇ ತಂಡದ ಗಾಯಕಿ ಸ್ಟೀವಿ ನಿಕ್ಸ್‌ರ ‘ಸಾರಾ’ ನಿಧಾನವಾಗಿ ಹರಿಯುವುದನ್ನು ಕೇಳಿ; ಒಂದರಿಂದ ಇನ್ನೊಂದಕ್ಕೆ ಕಳೆ.