20 ಗಂಟೆಗಳ ಪಾಠ, ಇಲ್ಲದ ಹುದ್ದೆ

ಏಳು ವರ್ಷ ಅಥವಾ ಅದಕ್ಕೂ ಮೇಲ್ಪಟ್ಟ ಸಜೆಗೆ ಅರ್ಹವಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಘಟನಾಸ್ಥಳಕ್ಕೆ ಹೋಗತಕ್ಕದ್ದೆಂದು ನಾಗರಿಕ ಸುರಕ್ಷಾ ಸಂಹಿತೆಯ 176ನೆಯ ಕಲಮು ವಿಧಿಸಿದಂದಿನಿಂದ ಪ್ರಯೋಗಾಲಯಗಳ ಪ್ರಶಂಸೆ ನಡೆದೇ ಇದೆ. ಆದರೆ ಲೈಂಗಿಕ ಹಿಂಸೆಯ ಪ್ರಕರಣಗಳಲ್ಲಿ ಸಾಕ್ಷ್ಯದ ಬಹುಭಾಗ ನೊಂದವಳ ದೇಹದಲ್ಲಿಯೂ ಉಡುಪಿನಲ್ಲಿಯೂ ಇರುವುದರಿಂದ, ಅದನ್ನು ಕಾಪಾಡುತ್ತಲೇ ಅವಳನ್ನೂ ಸಂತೈಸಬಲ್ಲ ಫೊರೆನ್ಸಿಕ್ ನರ್ಸ್ ಹುದ್ದೆಯನ್ನು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲಿ ಸೃಜಿಸದೆ ಈ ಸುಧಾರಣೆ ಪೂರ್ಣವಾಗಲಾರದೆಂಬುದು ನನ್ನ ನಿಶ್ಚಿತ ಮತ.

ಎಲ್ಲರೂ ಕಡೆಗಣಿಸಿರುವ ಸಂಖ್ಯೆಯೊಂದುಂಟು: 20. ಭಾರತೀಯ ಶುಶ್ರೂಷಾ ಪರಿಷತ್ತಿನ ಪರಿಷ್ಕೃತ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದ ಐದನೆಯ ಸೆಮಿಸ್ಟರಿನಲ್ಲಿ ಫೊರೆನ್ಸಿಕ್ ನರ್ಸಿಂಗ್ ವಿಷಯಕ್ಕೆ ದೊರೆತಿರುವುದು ಒಂದು ಕ್ರೆಡಿಟ್, ಅಂದರೆ 20 ಗಂಟೆಗಳ ಸಿದ್ಧಾಂತಬೋಧನೆ. ಸಂವಿಧಾನ, ನ್ಯಾಯಾಂಗ, ಪೋಕ್ಸೊ ಕಾಯಿದೆ ಎಲ್ಲವೂ ಅದರೊಳಗೇ ಅಡಕವಾಗಬೇಕು. ಅಂತರರಾಷ್ಟ್ರೀಯ ಫೊರೆನ್ಸಿಕ್ ನರ್ಸ್‌ಗಳ ಸಂಘವಾದರೋ, ಆಗಲೇ ನೋಂದಾಯಿತಳಾದ ದಾದಿಗೂ ವಯಸ್ಕರ ಪರೀಕ್ಷೆಯ ಸಲುವಾಗಿ ಕನಿಷ್ಠ 40 ಗಂಟೆಗಳ ಪಾಠವನ್ನೂ, ಮೇಲೆ ಪ್ರಾಯೋಗಿಕ ತರಬೇತಿಯನ್ನೂ ಅಪೇಕ್ಷಿಸುತ್ತದೆ. ನಾವು ಅರ್ಧದಷ್ಟನ್ನು ವಿದ್ಯಾರ್ಥಿನಿಗೆ ಬೋಧಿಸಿ, ಪದವಿಯಾದ ಮೇಲೆ ಆ ವಿದ್ಯೆಯನ್ನು ಪ್ರಯೋಗಿಸಲು ಸ್ಥಾನವನ್ನೇ ಕೊಡದಿರುತ್ತೇವೆ. ಸಂಹಿತೆಯ 184ನೆಯ ಕಲಮು ನೊಂದವಳನ್ನು 24 ಗಂಟೆಗಳೊಳಗೆ ಪರೀಕ್ಷೆಗೆ ಕಳುಹಿಸಬೇಕು, 7 ದಿನಗಳೊಳಗೆ ವರದಿ ತಲುಪಬೇಕು ಎನ್ನುತ್ತದೆ. ಆದರೆ ಅದು ಹೆಸರಿಸುವುದು ನೋಂದಾಯಿತ ವೈದ್ಯರನ್ನು ಮಾತ್ರ.

ರಾತ್ರಿ ಪಾಳಿಯಲ್ಲಿ ನೊಂದವಳನ್ನು ಮೊದಲು ಕಾಣುವವಳು ದಾದಿಯೇ. ನೆಲಕ್ಕೆ ಕಾಗದ ಹಾಸಿ, ಅದರ ಮೇಲೆ ಅವಳನ್ನು ನಿಲ್ಲಿಸಿ ಬಟ್ಟೆ ಬದಲಿಸಿದರೆ ಉದುರುವ ಎಳೆ, ಮಣ್ಣು ಉಳಿಯುತ್ತದೆ; ಒದ್ದೆ ಬಟ್ಟೆಯನ್ನು ನೆರಳಲ್ಲಿ ಆರಿಸದೆ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಬೂಷ್ಟು ಹಿಡಿದು ಸಾಕ್ಷ್ಯ ಕೆಡುತ್ತದೆ. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಗಳೊಳಗೆ ಆರಂಭಿಸದಿದ್ದರೆ ಆ ಅವಕಾಶವೇ ತಪ್ಪುತ್ತದೆ. ಪ್ರತಿ ಹಂತಕ್ಕೂ ಸಮ್ಮತಿ ಕೇಳುವುದು, ಬೇಡವೆಂದಲ್ಲಿ ನಿಲ್ಲಿಸುವುದು, ನಡೆದುದನ್ನು ಅವಳ ಮಾತಿನಲ್ಲಿಯೇ ಬರೆದಿಡುವುದು, ಇವೆಲ್ಲ ಅಭ್ಯಾಸದಿಂದಲ್ಲದೆ ಸಿದ್ಧಿಸುವ ಕೌಶಲಗಳಲ್ಲ.

ದಾದಿಯ ಸಾಕ್ಷ್ಯ ಪಾಟೀಸವಾಲಿನಲ್ಲಿ ನಿಲ್ಲದೆಂಬ ಆಕ್ಷೇಪವುಂಟು. ಅಮೆರಿಕದ ವರ್ಜೀನಿಯಾ ರಾಜ್ಯದ ಸರ್ವೋಚ್ಚ ನ್ಯಾಯಾಲಯ 2002ರ ವೆಲಾಸ್ಕೆಸ್ ಪ್ರಕರಣದಲ್ಲಿ, ತರಬೇತಿ ಹೊಂದಿದ ದಾದಿ ತಜ್ಞಸಾಕ್ಷಿಯಾಗಲು ವೈದ್ಯಪದವಿ ಅವಶ್ಯವಲ್ಲವೆಂದು ಒಪ್ಪಿ, ಅದೇ ತೀರ್ಪಿನಲ್ಲಿ ಸಮ್ಮತಿಯಿತ್ತೇ ಎಂಬುದರ ನಿರ್ಣಯ ಆಕೆಯದಲ್ಲವೆಂದು ಎಲ್ಲೆಯನ್ನೂ ಹಾಕಿತು. ಹೀಗೆ ಅಧಿಕಾರವನ್ನೂ ಮಿತಿಯನ್ನೂ ಒಟ್ಟಿಗೆ ವಿಧಿಸುವುದೇ ವಿವೇಕ. ವೈದ್ಯರ ಹೊಣೆ ಇದರಿಂದ ಕುಗ್ಗದು. ಅವರು ಬರುವ ಮುನ್ನ ನಷ್ಟವಾಗುತ್ತಿದ್ದುದು ಉಳಿಯುತ್ತದೆ.

ದಂಡಪ್ರಕ್ರಿಯೆ ಸಮವರ್ತಿ ಪಟ್ಟಿಯ ವಿಷಯ. ರಾಷ್ಟ್ರಪತಿಗಳ ಅಂಕಿತ ಪಡೆದು 184ನೆಯ ಕಲಮಿಗೆ ತಿದ್ದುಪಡಿ ತರುವುದು ಕರ್ನಾಟಕದ ಶಾಸನಸಭೆಗೆ ಅಸಾಧ್ಯವಲ್ಲ. ಅದಕ್ಕೂ ಮೊದಲು, ಸೇವೆಯಲ್ಲಿರುವ ದಾದಿಯರಿಗೆ ವಿಶೇಷ ತರಬೇತಿ ಕೊಡಿಸಿ ಆಸ್ಪತ್ರೆಗಳಲ್ಲಿ ಹುದ್ದೆ ಮಂಜೂರು ಮಾಡುವುದು ರಾಜ್ಯದ ಆರೋಗ್ಯ ಇಲಾಖೆಯ ಕೈಯಲ್ಲಿಯೇ ಇದೆ. ಸರ್ಕಾರ ಅದನ್ನು ಮುಂದಿನ ಆಯವ್ಯಯದಲ್ಲಿಯೇ ಮಾಡಬೇಕು.