ಜನ ಬರಲಿಲ್ಲವೋ, ಬರದಂತೆ ಮಾಡಿದರೋ?

ಐಪಿಎಲ್ ಹರಾಜು ಹತ್ತಿರ ಬಂತೆಂದರೆ ಟಿವಿ ಚರ್ಚೆಗಳಲ್ಲಿ ‘ಮನಿಬಾಲ್’ ಎಂಬ ಮಾತು ಬಂದೇ ಬರುತ್ತದೆ. ಯಾರಿಗೂ ಬೇಡವಾದ ಆಟಗಾರರನ್ನು ಅಂಕಿಅಂಶ ನೋಡಿ ಅಗ್ಗಕ್ಕೆ ಕೊಂಡು, ದುಡ್ಡಿನ ಗಂಟು ಹೊತ್ತ ತಂಡಗಳನ್ನು ಸೋಲಿಸುವ ಜಾಣತನಕ್ಕೆ ಆ ಹೆಸರು. ಅಮೆರಿಕದ ಬೇಸ್‌ಬಾಲ್ ತಂಡ ಓಕ್‌ಲ್ಯಾಂಡ್ ಅಥ್ಲೆಟಿಕ್ಸ್ 2002ರಲ್ಲಿ ಸತತ 20 ಪಂದ್ಯ ಗೆದ್ದ ಕಥೆಯಿಂದ ಬಂದದ್ದು. ಅದರ ಮೇಲೆ ಪುಸ್ತಕ ಬಂತು. 2011ರಲ್ಲಿ ಬ್ರಾಡ್ ಪಿಟ್ ನಟಿಸಿದ ಸಿನಿಮಾ ಬಂತು. ಮೋಟಿವೇಶನ್ ಭಾಷಣ ಮಾಡುವವರಿಗೂ ಅದು ಇಷ್ಟದ ಕಥೆ.

ಆ ತಂಡ ಈಗ ಓಕ್‌ಲ್ಯಾಂಡಿನಲ್ಲೇ ಇಲ್ಲ ಎಂಬುದನ್ನು ಮಾತ್ರ ಇವರ್ಯಾರೂ ಹೇಳುವುದಿಲ್ಲ. ಕೇಳಿದರೆ ಒಂದೇ ಉತ್ತರ: ‘ಜನ ಮ್ಯಾಚಿಗೆ ಬರುತ್ತಿರಲಿಲ್ಲ, ಅದಕ್ಕೇ ಮಾಲೀಕರು ಬೇರೆ ಊರು ನೋಡಿಕೊಂಡರು.’ ಈ ಉತ್ತರವನ್ನು ನಾವು ಒಪ್ಪುವುದಿಲ್ಲ. 2014ರಿಂದ 2024ರವರೆಗಿನ ಹತ್ತು ವರ್ಷದ ಲೆಕ್ಕ ಬಿಡಿಸಿದರೆ ಬೇರೆಯೇ ಕಥೆ ಕಾಣುತ್ತದೆ. ಹೊಲಕ್ಕೆ ನೀರು ಕಟ್ಟದೆ, ಗೊಬ್ಬರ ಹಾಕದೆ, ‘ಈ ಭೂಮಿಯೇ ಬಂಜರು’ ಎಂದು ಮಾರಲು ಹೊರಟವನ ಕಥೆ.

ಬೇಸ್‌ಬಾಲ್ ನೋಡಿ ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ದೊಡ್ಡ ಲೀಗಿನಲ್ಲಿ 30 ತಂಡ. ಒಂದೊಂದು ತಂಡಕ್ಕೂ ವರ್ಷಕ್ಕೆ 162 ಮ್ಯಾಚು, ಅದರಲ್ಲಿ 81 ತನ್ನ ಊರಿನಲ್ಲೇ. ಎಷ್ಟೇ ಸೋತರೂ ತಂಡವನ್ನು ಕೆಳಗಿನ ಲೀಗಿಗೆ ಇಳಿಸುವ ಪದ್ಧತಿ ಅಲ್ಲಿಲ್ಲ. ಇಡೀ ದೇಶದ ಟಿವಿ ಹಕ್ಕಿನ ದುಡ್ಡು 30 ತಂಡಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಗೆದ್ದವನಿಗೂ ಅಷ್ಟೇ, ಕೊನೆಯ ಸ್ಥಾನದವನಿಗೂ ಅಷ್ಟೇ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೋದ ಎದುರು ದಡದಲ್ಲಿರುವ ಬಂದರು ಊರು ಓಕ್‌ಲ್ಯಾಂಡ್. ಹಡಗಿನ ಸರಕು ಇಳಿಸುವವರು, ಕಾರ್ಖಾನೆಯವರು, ಕರಿಯ ಜನಾಂಗದ ಕುಟುಂಬಗಳು ಕಟ್ಟಿದ ಊರು. ಅಥ್ಲೆಟಿಕ್ಸ್ ತಂಡ ಅಲ್ಲಿಗೆ ಬಂದದ್ದು 1968ರಲ್ಲಿ. 1972, 73, 74, ಮತ್ತೆ 1989ರಲ್ಲಿ ‘ವರ್ಲ್ಡ್ ಸೀರೀಸ್’ ಗೆದ್ದಿತು. ಬೇಸ್ ಕದಿಯುವುದರಲ್ಲಿ ಇವತ್ತಿಗೂ ದಾಖಲೆ ಹೊಂದಿರುವ ರಿಕಿ ಹೆಂಡರ್ಸನ್ (ಒಟ್ಟು 1,406) ಅದೇ ಊರಿನಲ್ಲಿ ಬೆಳೆದ ಹುಡುಗ. ಮೈದಾನದ ಬಲಬದಿಯ ಅಗ್ಗದ ಸೀಟುಗಳಲ್ಲಿ ಡ್ರಮ್ ಬಾರಿಸುವವರ ಒಂದು ಗುಂಪು ಇರುತ್ತಿತ್ತು. ತಂಡ ಗೆಲ್ಲಲಿ ಸೋಲಲಿ, ಅವರ ಬಾರಿಸಾಟ ನಿಲ್ಲುತ್ತಿರಲಿಲ್ಲ. ನಮ್ಮ ಕಡೆ ಕಬಡ್ಡಿ ಪಂದ್ಯಕ್ಕೆ ತಮಟೆ ತರುವವರಿದ್ದಾರಲ್ಲ, ಆ ಪೈಕಿ.

2005ರಲ್ಲಿ ತಂಡವನ್ನು ಕೊಂಡವರಲ್ಲಿ ಮುಖ್ಯರು ಜಾನ್ ಫಿಶರ್. ಗ್ಯಾಪ್ ಬಟ್ಟೆ ಕಂಪನಿ ಕಟ್ಟಿದ ದಂಪತಿಯ ಮಗ. ಕೊಟ್ಟ ಬೆಲೆ ಸುಮಾರು 18 ಕೋಟಿ ಡಾಲರ್.

ಈಗ 2014ಕ್ಕೆ ಬನ್ನಿ. ಆ ವರ್ಷ ಜುಲೈ ನಡುವಿನ ಹೊತ್ತಿಗೆ ಇಡೀ ಲೀಗಿನಲ್ಲೇ ಹೆಚ್ಚು ಗೆದ್ದಿದ್ದ ತಂಡ ಓಕ್‌ಲ್ಯಾಂಡ್. ಕ್ರೀಡಾಂಗಣಕ್ಕೆ ಆ ವರ್ಷ ಬಂದವರು 20 ಲಕ್ಷ ಜನ. ಹೌದು, ಇದೇ ‘ಜನ ಬಾರದ’ ಊರಿನಲ್ಲಿ. ಕೊನೆಗೆ ನಾಕೌಟ್ ಮ್ಯಾಚಿನಲ್ಲಿ ಕಾನ್ಸಾಸ್ ಸಿಟಿ ವಿರುದ್ಧ 7-3ರಿಂದ ಮುಂದಿದ್ದವರು, 12ನೇ ಇನ್ನಿಂಗ್ಸ್‌ವರೆಗೆ ಎಳೆದ ಆಟದಲ್ಲಿ 9-8ರಿಂದ ಸೋತರು. ಸೋಲು ಆಟದಲ್ಲಿ ಇದ್ದದ್ದೇ. ಆದರೆ ಎರಡು ತಿಂಗಳೊಳಗೆ ತಂಡದ ಅತ್ಯುತ್ತಮ ಆಟಗಾರ ಜಾಶ್ ಡೊನಾಲ್ಡ್‌ಸನ್‌ರನ್ನು ಟೊರಾಂಟೊಗೆ ಕಳಿಸಿಬಿಟ್ಟರು. ಮರುವರ್ಷ ಆತ ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದ. ಓಕ್‌ಲ್ಯಾಂಡ್ 94 ಮ್ಯಾಚು ಸೋತಿತು.

ಇಷ್ಟಾದರೂ ತಂಡ ಮತ್ತೆ ಎದ್ದಿತು. ಮ್ಯಾಟ್ ಓಲ್ಸನ್, ಮ್ಯಾಟ್ ಚಾಪ್‌ಮನ್, ಮಾರ್ಕಸ್ ಸೆಮಿಯನ್ ಎಂಬ ಹುಡುಗರು ಬೆಳೆದು 2018ರಲ್ಲಿ 97, 2019ರಲ್ಲಿ ಮತ್ತೆ 97 ಮ್ಯಾಚು ಗೆಲ್ಲಿಸಿದರು. 2020ರಲ್ಲಿ ತಮ್ಮ ವಿಭಾಗವನ್ನೇ ಗೆದ್ದರು. ಯಾವ ಮಾಲೀಕನಾದರೂ ಕೈಮುಗಿದು ಉಳಿಸಿಕೊಳ್ಳಬೇಕಾದ ತಂಡ. ಫಿಶರ್ ಏನು ಮಾಡಿದರು?

2020ರ ಮೇ ತಿಂಗಳು, ಕೊರೊನಾ. ಕೆಳಹಂತದ ತಂಡಗಳಲ್ಲಿ ಆಡುವ ಹುಡುಗರಿಗೆ ವಾರಕ್ಕೆ 400 ಡಾಲರ್ ಭತ್ಯೆ ಕೊಡಲಾಗುತ್ತಿತ್ತು. ಅದನ್ನು ನಿಲ್ಲಿಸುತ್ತೇವೆ ಎಂದರು. ಮಾಲೀಕರ ಆಸ್ತಿ ಶತಕೋಟಿ ಡಾಲರ್‌ಗಳ ಲೆಕ್ಕದಲ್ಲಿರುವಾಗ! ಊರೆಲ್ಲ ಉಗಿದ ಮೇಲೆ ತಪ್ಪಾಯಿತು ಎಂದು ಮತ್ತೆ ಕೊಟ್ಟರು. ಅದೇ ವರ್ಷದ ಕೊನೆಗೆ ಸೆಮಿಯನ್‌ರನ್ನು ಉಳಿಸಿಕೊಳ್ಳದೆ ಬಿಟ್ಟುಕೊಟ್ಟರು.

ಮುಂದಿನ ಘಟನೆಗಳ ಸರದಿಯನ್ನು ಗಮನಿಸಿ, ಎಲ್ಲವೂ ಈ ಸರದಿಯಲ್ಲೇ ಇದೆ. 2021ರ ಮೇ ತಿಂಗಳಲ್ಲಿ ಬೇರೆ ಊರು ಹುಡುಕಲು ಲೀಗಿನಿಂದ ಅನುಮತಿ ಸಿಕ್ಕಿತು, ಲಾಸ್ ವೇಗಸ್ ಕಡೆ ಓಡಾಟ ಶುರುವಾಯಿತು. ಅದರ ಬೆನ್ನಿಗೇ 2022ರ ಸೀಸನ್ ಟಿಕೆಟ್ ಬೆಲೆ ಏರಿತು. ಎಷ್ಟೋ ಹಳೆಯ ಗಿರಾಕಿಗಳಿಗೆ ಎರಡು ಪಟ್ಟು. ಟಿಕೆಟ್ ಏರಿಸಿದ ಮೇಲೆ, 2022ರ ಮಾರ್ಚ್‌ನಲ್ಲಿ, ಓಲ್ಸನ್ ಅಟ್ಲಾಂಟಾಕ್ಕೆ, ಚಾಪ್‌ಮನ್ ಟೊರಾಂಟೊಗೆ, ಬೌಲರ್‌ಗಳ ಪೈಕಿ ಬ್ಯಾಸಿಟ್ ನ್ಯೂಯಾರ್ಕಿಗೆ. ಹೋಟೆಲಿನವನು ಊಟದ ರೇಟು ಎರಡು ಪಟ್ಟು ಮಾಡಿ, ಅಡುಗೆಯವರನ್ನೆಲ್ಲ ಮನೆಗೆ ಕಳಿಸಿ, ‘ಮುಂದಿನ ವರ್ಷ ಅಂಗಡಿ ಬೇರೆ ಊರಿಗೆ’ ಎಂದು ಬೋರ್ಡ್ ತೂಗುಹಾಕಿದರೆ ಯಾರು ಊಟಕ್ಕೆ ಹೋಗುತ್ತಾರೆ?

2022ರಲ್ಲಿ ಕ್ರೀಡಾಂಗಣಕ್ಕೆ ಬಂದವರು 8 ಲಕ್ಷಕ್ಕಿಂತ ಕಡಿಮೆ. ತಂಡ 102 ಮ್ಯಾಚು ಸೋತಿತು. 2023ರಲ್ಲಿ 112 ಸೋಲು. ಆ ವರ್ಷ ಇಡೀ ತಂಡದ ಸಂಬಳ 6 ಕೋಟಿ ಡಾಲರ್ ಕೂಡ ಇರಲಿಲ್ಲ, ನ್ಯೂಯಾರ್ಕ್ ಮೆಟ್ಸ್ ತಂಡದ್ದು 30 ಕೋಟಿ ದಾಟಿತ್ತು. ಅದೇ 2023ರಲ್ಲಿ ಓಲ್ಸನ್ ಅಟ್ಲಾಂಟಾ ಪರ 54 ಹೋಮ್‌ರನ್ ಹೊಡೆದು ಲೀಗಿಗೇ ಮೊದಲಿಗನಾದ. ಸೆಮಿಯನ್ ಟೆಕ್ಸಸ್ ತಂಡದೊಂದಿಗೆ ವರ್ಲ್ಡ್ ಸೀರೀಸ್ ಗೆದ್ದ. ಓಕ್‌ಲ್ಯಾಂಡಿನ ಜನ ಇದನ್ನೆಲ್ಲ ಟಿವಿಯಲ್ಲಿ ನೋಡಬೇಕಾಯಿತು.

ಕ್ರೀಡಾಂಗಣ ಹಳೆಯದಾಗಿತ್ತು ಎನ್ನುವವರ ಮಾತನ್ನು ನಾವು ಪೂರ್ತಿ ತಳ್ಳಿಹಾಕುವುದಿಲ್ಲ. 1966ರ ಕಟ್ಟಡ. 2013ರಲ್ಲಿ ಚರಂಡಿ ನೀರು ಆಟಗಾರರ ಕೋಣೆಗೇ ನುಗ್ಗಿತ್ತು. 2023ರಲ್ಲಿ ಹೊರಗಿನ ತಂಡದ ಕಾಮೆಂಟರಿ ಕೋಣೆಯಲ್ಲಿ ಪೊಸಮ್ ಎಂಬ ಬೆಕ್ಕಿನ ಗಾತ್ರದ ಪ್ರಾಣಿ ಸೇರಿಕೊಂಡು, ಕಾಮೆಂಟರಿಯವರೇ ಜಾಗ ಬದಲಿಸಬೇಕಾಯಿತು. ಗೆದ್ದ ವರ್ಷಗಳಲ್ಲೂ ಇಲ್ಲಿನ ಗ್ಯಾಲರಿ ಲಾಸ್ ಏಂಜಲೀಸ್, ನ್ಯೂಯಾರ್ಕಿನಷ್ಟು ತುಂಬುತ್ತಿರಲಿಲ್ಲ, ಅದೂ ನಿಜ. ಆದರೆ ಬಂದರಿನ ಪಕ್ಕ ಹೊಸ ಕ್ರೀಡಾಂಗಣದ ಯೋಜನೆ ಇತ್ತಲ್ಲ? ಅದರ ಪರಿಸರ ವರದಿಗೆ ನಗರಸಭೆ 2022ರ ಫೆಬ್ರುವರಿಯಲ್ಲೇ ಒಪ್ಪಿಗೆ ಕೊಟ್ಟಿತ್ತು. ಮಾತುಕತೆ ನಡೆಯುತ್ತಿರುವಾಗಲೇ, 2023ರ ಏಪ್ರಿಲ್‌ನಲ್ಲಿ, ಲಾಸ್ ವೇಗಸ್‌ನಲ್ಲಿ ಜಾಗ ನೋಡಿಯಾಯಿತು ಎಂಬ ಸುದ್ದಿ ಹೊರಬಿತ್ತು. ಮಾಲೀಕರಿಗೆ ಬೇಕಾಗಿದ್ದುದು ಬರೀ ಕ್ರೀಡಾಂಗಣವಲ್ಲ. ಅದರ ಸುತ್ತ ಮನೆ, ಹೋಟೆಲು, ಕಚೇರಿ ಸೇರಿ 1,200 ಕೋಟಿ ಡಾಲರ್‌ನ ರಿಯಲ್ ಎಸ್ಟೇಟ್.

ಇನ್ನು 2023ರ ಜೂನ್ 13. ನಮಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸುವ ದಿನ ಇದು. ಜನ ಸಾಮಾನ್ಯವಾಗಿ ಸಿಟ್ಟು ಬಂದರೆ ಮ್ಯಾಚು ಬಹಿಷ್ಕರಿಸುತ್ತಾರೆ. ಓಕ್‌ಲ್ಯಾಂಡಿನವರು ಉಲ್ಟಾ ಮಾಡಿದರು. ಖಾಲಿ ಕುರ್ಚಿ ತೋರಿಸಿಯೇ ತಮ್ಮನ್ನು ಹಳಿಯುತ್ತಿದ್ದಾರೆ, ಹಾಗಾದರೆ ತುಂಬಿಸಿ ತೋರಿಸೋಣ ಎಂದರು. ಮಂಗಳವಾರ ರಾತ್ರಿ, ಲೀಗಿನ ತಳದಲ್ಲಿರುವ ತಂಡ, ಬಂದವರು 27,759 ಜನ. ಅಂಗಿಯ ಮೇಲೆ ಒಂದೇ ಪದ: ‘ಸೆಲ್’. ಮಾರು ಎಂದು. ಐದನೇ ಇನ್ನಿಂಗ್ಸ್ ಶುರುವಾದಾಗ ಇಡೀ ಗ್ಯಾಲರಿ ಬೇಕೆಂದೇ ಗಪ್‌ಚಿಪ್ ಕೂತಿತು. ಒಬ್ಬ ಬ್ಯಾಟರ್ ಆಡಿ ಮುಗಿಸುವವರೆಗೆ ಸದ್ದಿಲ್ಲ. ಆಮೇಲೆ ಎದ್ದು ನಿಂತು, ‘ತಂಡ ಮಾರು’ ಎಂದು ಒಕ್ಕೊರಲಿನಿಂದ ಕೂಗಿತು. ಆ ರಾತ್ರಿ ತಂಡ 2-1ರಿಂದ ಗೆದ್ದಿತು ಕೂಡ.

ಅದೇ ವಾರ ನೆವಾಡಾ ರಾಜ್ಯದ ಶಾಸನಸಭೆ ಲಾಸ್ ವೇಗಸ್ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್‌ವರೆಗೆ ಸಾರ್ವಜನಿಕ ಹಣ ಕೊಡುವ ಮಸೂದೆ ಪಾಸು ಮಾಡಿತು. ನಮ್ಮ ಲೆಕ್ಕದಲ್ಲಿ ಮೂರು ಸಾವಿರ ಕೋಟಿ ರೂಪಾಯಿಗೂ ಮೇಲೆ. ಶಾಲೆಗೆ ದುಡ್ಡಿಲ್ಲ, ಶ್ರೀಮಂತನ ಮೈದಾನಕ್ಕೆ ಇದೆಯೇ ಎಂದು ಅಲ್ಲಿನ ಶಿಕ್ಷಕರ ಸಂಘ ಇದನ್ನು ಜನರ ಮತಕ್ಕೆ ಹಾಕಿಸಲು ಓಡಾಡಿತು, ಕೋರ್ಟಿನಲ್ಲಿ ನಿಂತುಹೋಯಿತು. ಲೀಗಿನ ಮುಖ್ಯಸ್ಥ ರಾಬ್ ಮ್ಯಾನ್‌ಫ್ರೆಡ್ ಅವರನ್ನು ಓಕ್‌ಲ್ಯಾಂಡಿನ ಆ ರಾತ್ರಿಯ ಬಗ್ಗೆ ಕೇಳಿದಾಗ ಅವರು ಹೇಳಿದ್ದರ ಸಾರಾಂಶ ಇಷ್ಟು: ಒಂದು ರಾತ್ರಿಯ ಮಟ್ಟಿಗೆ ಬೇರೆ ಊರುಗಳ ಸರಾಸರಿಯ ಹತ್ತಿರ ಬಂದಿದ್ದು ಸಂತೋಷ. ಅಣಕ ಮಾಡುವುದಕ್ಕೂ ಒಂದು ಹದ ಬೇಡವೇ? ನವೆಂಬರ್ 16ರಂದು 30 ಮಾಲೀಕರೂ ಸರ್ವಾನುಮತದಿಂದ ಸ್ಥಳಾಂತರಕ್ಕೆ ಕೈ ಎತ್ತಿದರು. ಒಬ್ಬರಾದರೂ ಬೇಡ ಎನ್ನಲಿಲ್ಲ. ಯಾಕೆ ಎನ್ನುತ್ತಾರೆ, ನಾಳೆ ತಮ್ಮ ಊರಿನವರನ್ನು ಹೆದರಿಸಲು ಅವರಿಗೂ ಇದೇ ದಾರಿ ಬೇಕಲ್ಲ.

ಈಗ ಟಿವಿ ದುಡ್ಡಿನ ಮಾತು ನೆನಪಿಸಿಕೊಳ್ಳಿ. ಸೋತರೂ ಪಾಲು ಬರುತ್ತದೆ, ಕೆಳಗಿನ ಲೀಗಿಗೆ ಬೀಳುವ ಭಯವಿಲ್ಲ, ತಂಡದ ಬೆಲೆ ಮಾತ್ರ ಏರುತ್ತಲೇ ಇರುತ್ತದೆ. 18 ಕೋಟಿಗೆ ಕೊಂಡದ್ದು ಫೋರ್ಬ್ಸ್ ಪತ್ರಿಕೆಯ ಅಂದಾಜಿನಲ್ಲಿ 100 ಕೋಟಿ ಡಾಲರ್ ದಾಟಿದೆ. ಈ ಹತ್ತು ವರ್ಷದ ಏರಿಳಿತದಲ್ಲಿ ಇಳಿದದ್ದು ತಂಡ, ಊರು, ಡ್ರಮ್ ಬಾರಿಸುವವರು. ಮಾಲೀಕರು ಒಂದು ಮೆಟ್ಟಿಲೂ ಇಳಿಯಲಿಲ್ಲ.

ನಮ್ಮ ಐಪಿಎಲ್ ನಿಂತಿರುವುದೂ ಇಂಥ ಅಮೆರಿಕನ್ ಲೀಗುಗಳ ಫ್ರಾಂಚೈಸಿ ಮಾದರಿಯ ಮೇಲೆಯೇ. ಹೆಸರಿನಲ್ಲಿ ಊರು ಇರುತ್ತದೆ, ಕಾಗದಪತ್ರ ಮಾಲೀಕರ ಹೆಸರಿನಲ್ಲಿ ಇರುತ್ತದೆ. ಆದ್ದರಿಂದ ಹರಾಜಿನ ದಿನ ‘ಮನಿಬಾಲ್’ ಜಪ ಮಾಡುವವರಿಗೆ ನಮ್ಮದೊಂದು ತಕರಾರು: ಕಥೆ ಹೇಳುವುದಾದರೆ ಪೂರ್ತಿ ಹೇಳಿ. ಕಡಿಮೆ ದುಡ್ಡಿನಲ್ಲಿ ಗೆಲ್ಲಿಸಿದ ಮ್ಯಾನೇಜರ್‌ನ ಜಾಣತನ ಹೊಗಳುವಾಗ, ಕಡಿಮೆ ದುಡ್ಡು ಕೊಟ್ಟವರು ಯಾರು, ಅವರಿಗೆ ನಿಜಕ್ಕೂ ದುಡ್ಡಿರಲಿಲ್ಲವೇ ಎಂದು ಒಮ್ಮೆ ಕೇಳಿ. ಪತ್ರಿಕೆಯವರಿಗೂ ಒಂದು ಮಾತು. ‘ತಂಡ ಸ್ಥಳಾಂತರಗೊಂಡಿತು’ ಎಂದು ಬರೆಯಬೇಡಿ. ತಂಡಕ್ಕೆ ಕಾಲಿಲ್ಲ. ಯಾರೋ ಹೊತ್ತುಕೊಂಡು ಹೋದರು.

ಕೊನೆಯ ಮ್ಯಾಚು 2024ರ ಸೆಪ್ಟೆಂಬರ್ 26ರಂದು ನಡೆಯಿತು. ಅದಕ್ಕೆ ಮೂರು ದಿನ ಮುಂಚೆ ಫಿಶರ್ ಅಭಿಮಾನಿಗಳಿಗೆ ಪತ್ರ ಬರೆದು, ಉಳಿಯಲು ಪ್ರಯತ್ನಪಟ್ಟೆವು, ಆಗಲಿಲ್ಲ, ಕ್ಷಮಿಸಿ ಎಂದರು. ಆ ಮಧ್ಯಾಹ್ನ ಬಂದವರು 46,889 ಜನ. ಟೆಕ್ಸಸ್ ವಿರುದ್ಧ 3-2ರಿಂದ ಗೆದ್ದರು. ಆಟ ಮುಗಿದ ಮೇಲೂ ಎಷ್ಟೋ ಹೊತ್ತು ಜನ ಕುರ್ಚಿ ಬಿಟ್ಟು ಏಳಲಿಲ್ಲ.

ಲಾಸ್ ವೇಗಸ್ ಕ್ರೀಡಾಂಗಣ 2028ಕ್ಕೆ ಎಂಬ ಲೆಕ್ಕ. ಅಲ್ಲಿಯವರೆಗೆ ತಂಡ ಸ್ಯಾಕ್ರಮೆಂಟೊ ಪಕ್ಕದ ಒಂದು ಸಣ್ಣ ಮೈದಾನದಲ್ಲಿ, ಸುಮಾರು 14 ಸಾವಿರ ಜನ ಹಿಡಿಯುವ ಜಾಗದಲ್ಲಿ, ಕೆಳಹಂತದ ತಂಡವೊಂದರ ಜೊತೆ ಹಂಚಿಕೊಂಡು ಆಡುತ್ತಿದೆ. ಹೆಸರಿನ ಹಿಂದೆ ಯಾವ ಊರೂ ಇಲ್ಲ, ಬರೀ ‘ಅಥ್ಲೆಟಿಕ್ಸ್’. ಜನ ಬರುವುದಿಲ್ಲ ಎಂದು ಓಕ್‌ಲ್ಯಾಂಡ್ ಬಿಟ್ಟವರಿಗೆ 2025ರಲ್ಲಿ ಅಲ್ಲಿ ಸರಾಸರಿ 10 ಸಾವಿರ ಜನವೂ ಸಿಗಲಿಲ್ಲ.

ಓಕ್‌ಲ್ಯಾಂಡಿನಲ್ಲಿ 2024ರಲ್ಲೇ ‘ಬಾಲರ್ಸ್’ ಎಂಬ ಹೊಸ ಪುಟ್ಟ ತಂಡ ಆಟ ಶುರುಮಾಡಿದೆ. ಸಣ್ಣ ಲೀಗು, ಊರೊಳಗಿನ ಪಾರ್ಕಿನ ಮೈದಾನ, ಅಭಿಮಾನಿಗಳಿಗೇ ಷೇರು ಮಾರಿದ್ದಾರೆ. ಎರಡನೇ ವರ್ಷಕ್ಕೇ ಲೀಗು ಗೆದ್ದರು.